ಕನ್ನಡಿ, ಪೆನ್ಸಿಲ್, ನೀರಿನ ಬಾಟಲಿ: ಮಿದುಳು ಕೈ-ಬಾಯಿ ಆಡಿಸುವ ಬಗೆಯನ್ನು ಮನೆಯಲ್ಲೇ ನೋಡಿ

ಕಳೆದ ತಿಂಗಳು ಅಡುಗೆಮನೆಯಲ್ಲಿ 20 ಲೀಟರಿನ ನೀರಿನ ಕ್ಯಾನ್ ಎತ್ತಲು ಹೋದೆ. ತುಂಬಿದೆ ಅಂದುಕೊಂಡಿದ್ದೆ. ಖಾಲಿ ಇತ್ತು. ಕ್ಯಾನ್ ಚಂಗನೆ ಮೇಲೆ ಬಂದು ಷೆಲ್ಫಿಗೆ ಬಡಿಯಿತು, ಅಲ್ಲಿದ್ದ ಸಾಸಿವೆ ಡಬ್ಬಿ ಉರುಳಿತು. ನೆಲದ ತುಂಬಾ ಸಾಸಿವೆ.

ಅದನ್ನು ಬಳಿಯುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ನನ್ನ ಕೈ ಮೊದಲು ತೂಕ ನೋಡಿ, ಆಮೇಲೆ ಬಲ ಹಾಕಲಿಲ್ಲ. ಮುಟ್ಟುವ ಮೊದಲೇ 20 ಕಿಲೋಗೆ ಆಗುವಷ್ಟು ಬಲವನ್ನು ಲೆಕ್ಕ ಹಾಕಿಕೊಂಡು ಹೊರಟಿತ್ತು. ಅದೇ ಖಾಲಿ ಕ್ಯಾನನ್ನು ಇನ್ನೊಮ್ಮೆ ಎತ್ತಿದರೆ ಕೈ ಮೆತ್ತಗೆ ಎತ್ತಿತು. ಹಾಗೆ ಎತ್ತು ಅಂತ ನಾನೇನೂ ಹೇಳಲಿಲ್ಲ.

ಮಿದುಳು ಮೈಯನ್ನು ಆಡಿಸುವ ಕತೆ ಹೆಚ್ಚುಕಮ್ಮಿ ಇಷ್ಟೇ. ಮೊದಲು ಊಹೆ, ಊಹೆಯ ಮೇಲೆ ಅಪ್ಪಣೆ, ಊಹೆ ತಪ್ಪಿದರೆ ತಿದ್ದುಪಡಿ. ಮಾತಿಗೂ ಇದೇ ದಾರಿ. ಇದನ್ನು ಓದಿ ತಿಳಿಯುವುದಕ್ಕಿಂತ ಮಾಡಿ ನೋಡಿದರೆ ಜಾಸ್ತಿ ಮಜಾ. ಒಂದು ಭಾನುವಾರ ಮಧ್ಯಾಹ್ನ ಸಾಕು, ಜೊತೆಗೆ ಇನ್ನೊಬ್ಬರು ಬೇಕು. ನನಗೆ ಸಿಕ್ಕಿದ್ದು ರಜೆಗೆ ಬಂದಿದ್ದ ಅಕ್ಕನ ಮಗಳು.

ಎತ್ತಿಟ್ಟುಕೊಳ್ಳಬೇಕಾದ ಸಾಮಾನು

30 ಸೆಂಟಿಮೀಟರಿನ ಸ್ಕೇಲು, ತುಂಬಿದ ಒಂದು ಲೀಟರ್ ನೀರಿನ ಬಾಟಲಿ, ನಿಲ್ಲಿಸಬಹುದಾದ ಕನ್ನಡಿ, ಹನ್ನೆರಡು ಬಿಳಿ ಹಾಳೆ, ತೊಳೆದ ಪೆನ್ಸಿಲ್, ಇಯರ್‌ಫೋನ್, ಮೊಬೈಲ್. ಎಲ್ಲ ಮನೆಯಲ್ಲೇ ಇರುತ್ತೆ.

ಮೊದಲು ಸ್ಕೇಲು: ನೀವೆಷ್ಟು ತಡ?

ಜೊತೆಗಾರರು ಸ್ಕೇಲಿನ ತುದಿ ಹಿಡಿದು ನೇರ ಕೆಳಕ್ಕೆ ತೂಗುಬಿಡಲಿ. ಸೊನ್ನೆ ಕೆಳಗಡೆ ಬರಬೇಕು. ನಿಮ್ಮ ಹೆಬ್ಬೆರಳು, ತೋರುಬೆರಳು ಸೊನ್ನೆಯ ಎರಡೂ ಪಕ್ಕ ಇರಲಿ, ಸ್ಕೇಲನ್ನು ಮುಟ್ಟಬಾರದು. ಅವರು ಏನೂ ಹೇಳದೆ ಸ್ಕೇಲು ಬಿಡಬೇಕು. ಬೀಳುವುದು ಕಂಡ ತಕ್ಷಣ ನೀವು ಹಿಡಿಯಬೇಕು. ಎಲ್ಲಿ ಹಿಡಿದಿರೋ ಆ ಗುರುತು ಬರೆದುಕೊಳ್ಳಿ. ಐದು ಸಲ ಮಾಡಿ, ಸರಾಸರಿ ತೆಗೆಯಿರಿ.

10 ಸೆಂಟಿಮೀಟರಿಗೆ ಸಿಕ್ಕರೆ 0.14 ಸೆಕೆಂಡ್, 15ಕ್ಕೆ ಸಿಕ್ಕರೆ 0.17, 20ಕ್ಕೆ ಸಿಕ್ಕರೆ 0.20. ಹೆಚ್ಚಿನವರು 20ರ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಅಂದರೆ ಕಣ್ಣಿಗೆ ಕಂಡದ್ದು ಕೈಗೆ ತಲುಪಲು ಸೆಕೆಂಡಿನ ಐದನೇ ಒಂದು ಭಾಗ ಬೇಕು.

ಇದೇನು ಮಹಾ ತಡ ಅನಿಸಬಹುದು. ಆದರೆ ಗಂಟೆಗೆ 140 ಕಿ.ಮೀ. ವೇಗದ ಎಸೆತ ಬ್ಯಾಟರ್ ಹತ್ತಿರ ಬರುವುದಕ್ಕೆ ಅರ್ಧ ಸೆಕೆಂಡೂ ಬೇಡ. ಕೊನೇತನಕ ಚೆಂಡು ನೋಡಿಕೊಂಡು, ಆಮೇಲೆ ಬ್ಯಾಟ್ ಬೀಸಲು ಪುರುಸೊತ್ತೇ ಇಲ್ಲ. ಬೌಲರ್ ಕೈ ತಿರುಗುವಾಗಲೇ ಅಂದಾಜು ಶುರುವಾಗಬೇಕು. ಮಾತಿನ ಅವಸರ ಇದಕ್ಕಿಂತ ಜಾಸ್ತಿ. ಸಲೀಸಾಗಿ ಮಾತಾಡುವಾಗ ನಾವು ಸೆಕೆಂಡಿಗೆ ಹತ್ತು ಹದಿನೈದು ಧ್ವನಿ ಆಡುತ್ತೇವೆ. ಒಂದೊಂದನ್ನೂ ಕಿವಿಯಿಂದ ಕೇಳಿ, ಸರಿಯಿದೆ ಅಂತ ನೋಡಿ, ಆಮೇಲೆ ಮುಂದಿನದಕ್ಕೆ ಹೋಗುವುದಾದರೆ ಸೆಕೆಂಡಿಗೆ ಐದೂ ಆಗಲಿಕ್ಕಿಲ್ಲ.

ಹಾಗಾಗಿ ಮಿದುಳು ಸುದ್ದಿ ಬರಲಿ ಅಂತ ಕಾಯುವುದಿಲ್ಲ. ಮುಂದಿನ ಪ್ರಯೋಗದಲ್ಲಿ ಇದನ್ನು ಕಣ್ಣಾರೆ ನೋಡಬಹುದು.

ಬಾಟಲಿ: ಬೇರೆಯವರು ಎತ್ತಿದರೆ ಕೈ ಹಾರುವುದೇಕೆ?

ಎಡಗೈಯನ್ನು ಮುಂದೆ ಚಾಚಿ, ಅಂಗೈ ಮೇಲೆ ಮಾಡಿ. ಮೊಣಕೈಗೆ ಯಾವ ಆಸರೆಯೂ ಬೇಡ. ತುಂಬಿದ ಬಾಟಲಿಯನ್ನು ಅಂಗೈ ಮೇಲೆ ನಿಲ್ಲಿಸಿ.

ಮೊದಲು ನಿಮ್ಮದೇ ಬಲಗೈಯಿಂದ ಬಾಟಲಿಯನ್ನು ಸರಕ್ಕನೆ ಎತ್ತಿ. ಎಡಗೈ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಈಗ ಬಾಟಲಿ ಮತ್ತೆ ಇಟ್ಟುಕೊಳ್ಳಿ, ಜೊತೆಗಾರರು ಅದೇ ವೇಗದಲ್ಲಿ ಎತ್ತಲಿ. ಎಡಗೈ ಪಕ್ಕನೆ ಮೇಲೆ ಹಾರುತ್ತದೆ.

"ಮಾಮ, ನೀನು ಮೋಸ ಮಾಡ್ತಿದ್ದೀಯ, ಬೇಕೂಂತ ಹಾರಿಸ್ತೀಯ" ಅಂದಳು ಇವಳು. ಸರಿ, ಒಂದು ಎರಡು ಮೂರು ಅಂತ ಎಣಿಸಿಯೇ ಎತ್ತು ಅಂದೆ. ಎಣಿಸಿದಳು. ಯಾವಾಗ ಎತ್ತುತ್ತಾಳೆ ಅಂತ ಗೊತ್ತಿದ್ದೂ ಕೈ ಹಾರಿತು.

ನೀವೇ ಎತ್ತುವಾಗ ಬಲಗೈಗೆ ಹೋಗುವ ಅಪ್ಪಣೆಯ ಒಂದು ನಕಲು ಮಿದುಳಿನಲ್ಲೇ ಉಳಿಯುತ್ತದೆ ಅನ್ನಬಹುದು. ಆ ನಕಲು ನೋಡಿಯೇ, ಭಾರ ಹೋಗುವ ಗಳಿಗೆಗೆ ಸರಿಯಾಗಿ ಎಡತೋಳಿನ ಸ್ನಾಯು ಸಡಿಲವಾಗುತ್ತದೆ. ಬೇರೆಯವರು ಎತ್ತುವಾಗ ಅಂಥ ನಕಲು ಇಲ್ಲ. ಇರುವುದು ಕಣ್ಣಿನ ಸುದ್ದಿ ಮಾತ್ರ, ಅದು ಎಷ್ಟು ತಡ ಅಂತ ಸ್ಕೇಲು ಆಗಲೇ ಹೇಳಿದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ, ಅಲ್ವಾ? ಅದಕ್ಕೂ ಇದೇ ಕಾರಣ. ಮುಟ್ಟುವುದು ತಾನೇ ಅಂತ ಮಿದುಳಿಗೆ ಮೊದಲೇ ಗೊತ್ತು, ಆ ಅನುಭವವನ್ನು ತಗ್ಗಿಸಿಬಿಡುತ್ತದೆ. ಹೀಗೆ ಮೊದಲೇ ಅಂದಾಜು ಮಾಡುವ ಕೆಲಸದಲ್ಲಿ ದೊಡ್ಡ ಪಾಲು ತಲೆಯ ಹಿಂಬದಿಯ ಸೆರೆಬೆಲ್ಲಂನದು. ಅನುಮಸ್ತಿಷ್ಕ ಅಂತ ಸ್ಕೂಲಿನಲ್ಲಿ ಓದಿದ್ದೆವಲ್ಲ, ಅದೇ. ತೂಕದಲ್ಲಿ ಇಡೀ ಮಿದುಳಿನ ಹತ್ತನೇ ಒಂದು ಭಾಗ. ಆದರೆ ಮಿದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇರುವುದು ಅಲ್ಲೇ. ಹೆಂಡ ಮೊದಲು ಕೆಡಿಸುವ ಜಾಗಗಳಲ್ಲಿ ಇದೂ ಒಂದು. ಕುಡಿದವರ ಕಾಲು, ನಾಲಿಗೆ ಎರಡೂ ಒಟ್ಟಿಗೆ ತಡವರಿಸುವುದು ಸುಮ್ನೆ ಅಲ್ಲ.

ಓದುತ್ತಾ ತಲೆ ಅಲ್ಲಾಡಿಸಿ

ಇದು ಒಂದು ನಿಮಿಷದ ಕೆಲಸ. ಈ ಲೇಖನವನ್ನು ಕಣ್ಣೆದುರು ಅಲುಗದಂತೆ ಹಿಡಿದು, ಬೇಡ ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸುತ್ತಾ ಓದಿ. ಓದಬಹುದು. ಈಗ ತಲೆ ಗಟ್ಟಿಯಾಗಿಟ್ಟು, ಮೊಬೈಲನ್ನು ಅದೇ ವೇಗದಲ್ಲಿ ಅತ್ತಿತ್ತ ಆಡಿಸಿ. ಅಕ್ಷರವೆಲ್ಲ ಕಲಸಿಹೋಗುತ್ತದೆ.

ತಲೆ ತಿರುಗಿದ್ದನ್ನು ಒಳಕಿವಿ ಹಿಡಿಯುತ್ತದೆ. ಅಲ್ಲಿಂದ ಕಣ್ಣಿನ ಸ್ನಾಯುವಿಗೆ ತೀರಾ ಹತ್ತಿರದ ದಾರಿ, ಸೆಕೆಂಡಿನ ನೂರನೇ ಒಂದು ಭಾಗದಷ್ಟರಲ್ಲಿ ಕಣ್ಣು ಎದುರು ದಿಕ್ಕಿಗೆ ತಿರುಗುತ್ತದೆ. ಪುಟ ಅಲುಗಿದಾಗ ಆ ಅಡ್ಡದಾರಿ ಇಲ್ಲ, ಕಣ್ಣೇ ನೋಡಿ ಬೆನ್ನಟ್ಟಬೇಕು. ಕುತ್ತಿಗೆ ನೋವಿದ್ದವರು, ತಲೆಸುತ್ತು ಬರುವವರು ಇದನ್ನು ಬಿಟ್ಟುಬಿಡಿ.

ಕನ್ನಡಿಯಲ್ಲಿ ನಕ್ಷತ್ರ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಇದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ.

ಹಾಳೆಯ ಮೇಲೆ ಐದು ಮೂಲೆಯ ನಕ್ಷತ್ರ ಬರೆಯಿರಿ, ಅಂಗೈಯಗಲ ಇರಲಿ. ಅದರ ಒಳಗೆ ಅರ್ಧ ಸೆಂಟಿಮೀಟರ್ ಬಿಟ್ಟು ಇನ್ನೊಂದು ನಕ್ಷತ್ರ. ಎರಡು ಗೆರೆಗಳ ನಡುವೆ ಒಂದು ಓಣಿ ಆಯಿತು. ಇಂಥ ಹನ್ನೊಂದು ಹಾಳೆ ಬೇಕು, ಒಂದು ಬರೆದು ಜೆರಾಕ್ಸ್ ಮಾಡಿಸಿದರೆ ಸುಲಭ. ಹಾಳೆಯನ್ನು ಮೇಜಿನ ಮೇಲೆ ಟೇಪ್ ಹಾಕಿ ಅಂಟಿಸಿ, ಅದರ ಹಿಂದೆ ಕನ್ನಡಿ ನಿಲ್ಲಿಸಿ. ಕೈ ಮತ್ತು ಹಾಳೆ ನೇರವಾಗಿ ಕಾಣದ ಹಾಗೆ ಜೊತೆಗಾರರು ಒಂದು ದಪ್ಪ ಪುಸ್ತಕವನ್ನು ಅಡ್ಡ ಹಿಡಿಯಲಿ. ನಿಮಗೆ ಕಾಣಬೇಕಾದದ್ದು ಕನ್ನಡಿಯಲ್ಲಿರುವ ನಕ್ಷತ್ರ ಮಾತ್ರ.

ಈಗ ಓಣಿಯೊಳಗೇ ಪೆನ್ನು ಓಡಿಸಿ ಒಂದು ಸುತ್ತು ಬನ್ನಿ. ಮೊಬೈಲಿನಲ್ಲಿ ಹೊತ್ತು ಅಳೆಯಿರಿ. ಗೆರೆ ಎಷ್ಟು ಸಲ ದಾಟಿತು ಅಂತಲೂ ಬರೆದುಕೊಳ್ಳಿ.

ಮೊದಲ ಸುತ್ತಿನಲ್ಲಿ ಪೆನ್ನು ಮೂಲೆಯಲ್ಲಿ ಸಿಕ್ಕಿಹಾಕಿಕೊಂಡು ಒದ್ದಾಡುತ್ತದೆ. ಆಚೆ ಹೋಗು ಅಂದರೆ ಈಚೆ ಬರುತ್ತದೆ. ಇಷ್ಟು ವರ್ಷ ರಂಗೋಲಿ ಹಾಕಿದ ಅಮ್ಮನೂ ಮೊದಲ ಮೂಲೆಯಲ್ಲೇ ನಿಂತರು. ಹಠ ಹಿಡಿದು ಯೋಚಿಸಿ ಸರಿಮಾಡಲು ಹೋಗಬೇಡಿ. ಕನ್ನಡಿ ನೋಡುತ್ತಾ ಕೈ ಆಡಿಸುತ್ತಿರಿ, ತಪ್ಪಿದರೆ ತಪ್ಪಲಿ. ನಾಲ್ಕನೇ ಐದನೇ ಸುತ್ತಿಗೆ ಏನೋ ಸಡಿಲವಾದ ಹಾಗೆ ಆಗುತ್ತದೆ. ಹತ್ತು ಸುತ್ತು ಮುಗಿಸಿ, ಹಾಳೆಗಳ ಮೇಲೆ ನಂಬರು ಹಾಕಿಟ್ಟುಕೊಳ್ಳಿ. ಹನ್ನೊಂದನೆಯದನ್ನು ಇವತ್ತು ಮುಟ್ಟಬೇಡಿ.

ಈ ಪ್ರಯೋಗಕ್ಕೆ ದೊಡ್ಡ ಚರಿತ್ರೆ ಇದೆ. ಅಮೆರಿಕದ ಹೆನ್ರಿ ಮೊಲೇಸನ್ ಎಂಬವರಿಗೆ ಮೂರ್ಛೆರೋಗದ ಕಾಟ ತಪ್ಪಿಸಲು 1953ರಲ್ಲಿ ಮಿದುಳಿನ ಆಪರೇಷನ್ ಆಯಿತು. ಅಲ್ಲಿಂದ ಮುಂದೆ ಅವರಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. ಮನಃಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್, ಮೊಲೇಸನ್ ಕೈಯಲ್ಲಿ ಕನ್ನಡಿ ನೋಡಿ ನಕ್ಷತ್ರ ಬರೆಸಿದರು, ಮೂರು ದಿನ. ದಿನದಿಂದ ದಿನಕ್ಕೆ ಕೈ ಚುರುಕಾಯಿತು. ಆದರೆ ಹಿಂದಿನ ದಿನ ಇದೇ ಕೆಲಸ ಮಾಡಿದ್ದು ಮೊಲೇಸನ್‌ಗೆ ನೆನಪೇ ಇಲ್ಲ. ನಿನ್ನೆ ಏನಾಯಿತು ಎಂಬ ನೆನಪಿನ ಜಾಗ ಬೇರೆ, ಕೈಯ ಪಾಠ ಉಳಿಯುವ ಜಾಗ ಬೇರೆ ಅಂತ ಲೋಕಕ್ಕೆ ಗೊತ್ತಾದದ್ದು ಹೀಗೆ.

ನಿಂತುಹೋದ ಎಸ್ಕಲೇಟರ್ ಮೇಲೆ ಕಾಲಿಟ್ಟಾಗ ಒಂದು ಕ್ಷಣ ಮೈ ವಾಲುತ್ತದಲ್ಲ, ಅದೂ ಇದರ ನಂಟೇ. ಇದು ಓಡುತ್ತಿಲ್ಲ ಅಂತ ಕಣ್ಣಿಗೆ ಕಾಣುತ್ತದೆ, ಮನಸ್ಸಿಗೂ ಗೊತ್ತು. ಕಾಲು ಮಾತ್ರ ತನ್ನ ಹಳೆಯ ಲೆಕ್ಕದಲ್ಲೇ ಇರುತ್ತದೆ.

ಇನ್ನು ಬಾಯಿ

ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಸರ್ಜನ್, ಎಚ್ಚರವಾಗಿದ್ದ ರೋಗಿಗಳ ಮಿದುಳಿಗೆ ಸಣ್ಣಗೆ ಕರೆಂಟ್ ಮುಟ್ಟಿಸಿ, ಯಾವ ಜಾಗ ಯಾವ ಅಂಗವನ್ನು ಆಡಿಸುತ್ತದೆ ಅಂತ ನಕ್ಷೆ ಮಾಡಿದರು. ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ, ಅದಕ್ಕೇ ಇದು ಸಾಧ್ಯವಾಯಿತು. 1937ರಲ್ಲಿ ಹೊರಬಂದ ಆ ನಕ್ಷೆಯಲ್ಲಿ ಬೆನ್ನು, ಹೊಟ್ಟೆ, ತೊಡೆಗೆ ಸಿಕ್ಕಿದ್ದು ಚೂರು ಜಾಗ. ಕೈಬೆರಳು, ತುಟಿ, ನಾಲಿಗೆಗೆ ಎಕರೆಗಟ್ಟಲೆ. ಯಾಕೆ ಅಂತ ಈಗ ನೋಡೋಣ.

ಕನ್ನಡಿ ಹೇಗೂ ಇದೆ, ಮುಖಕ್ಕೆ ಹಿಡಿದುಕೊಳ್ಳಿ. "ಕುರಿ" ಅನ್ನಲು ಬಾಯಿ ಸಜ್ಜು ಮಾಡಿ, ಆದರೆ ದನಿ ಹೊರಡುವ ಮೊದಲೇ ನಿಲ್ಲಿಸಿ. ತುಟಿ ನೋಡಿ. ಆಗಲೇ ಗುಂಡಗಾಗಿದೆ. ಈಗ "ಕಿವಿ" ಅನ್ನಲು ಸಜ್ಜಾಗಿ ನಿಲ್ಲಿಸಿ. ತುಟಿ ಅಗಲವಾಗಿದೆ. ಎರಡೂ ಶುರುವಾಗುವುದು ಕ್ ಇಂದಲೇ, ಆದರೆ ಆ ಕ್ ಬರುವ ಮೊದಲೇ ಅದರ ಮುಂದಿನ ಸ್ವರಕ್ಕೆ ತುಟಿ ತಯಾರು. "ಸೂಜಿ", "ಸೀರೆ" ಕೂಡ ಹೇಳಿ ನೋಡಿ. ಸ್ ಅನ್ನುವಾಗ ಹೊರಡುವ ಗಾಳಿಯ ಸದ್ದೇ ಬೇರೆ ಬೇರೆ.

ನಮ್ಮ ಲಿಪಿ ಇಲ್ಲಿ ಬಾಯಿಗೆ ತುಂಬಾ ಹತ್ತಿರ ಇದೆ ಅಂತ ನನಗೆ ಅನಿಸುತ್ತದೆ. ಕು, ಕಿ ಇವನ್ನು ನಾವು ಎರಡು ಧ್ವನಿ ಅಂತ ಬಿಡಿಸಿ ಬರೆಯುವುದಿಲ್ಲ. ಕೊಂಬೋ ಗುಡಿಸೋ ಸೇರಿಸಿ ಒಂದೇ ಅಕ್ಷರ ಮಾಡುತ್ತೇವೆ. ಬಾಯಿಯೂ ಅವನ್ನು ಹಾಗೆ ಒಟ್ಟಿಗೇ ಕಟ್ಟಿಕೊಂಡು ಹೊರಡುತ್ತದೆ.

ಮುಂದೆ ಪೆನ್ಸಿಲ್. ಕೂತುಕೊಂಡೇ ಮಾಡಿ, ಮಕ್ಕಳು ಇದನ್ನು ಕಚ್ಚಿಕೊಂಡು ಓಡಾಡಬಾರದು. ಪೆನ್ಸಿಲನ್ನು ಒಂದು ಪಕ್ಕದ ದವಡೆ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಕಚ್ಚಿ. ಈಗ ದವಡೆ ಆಡುವಂತಿಲ್ಲ. ಆ, ಈ, ಊ ಅನ್ನಿ. ಅರೆ, ಚೆನ್ನಾಗಿಯೇ ಬರುತ್ತದೆ! ಈ ಅನ್ನುವಾಗ ಯಾವಾಗಲೂ ದವಡೆ ಮೇಲೇರಿ ನಾಲಿಗೆಗೆ ಸಹಾಯ ಮಾಡುತ್ತಿತ್ತು. ಇವತ್ತು ಅದಿಲ್ಲ, ನಾಲಿಗೆಯೇ ಜಾಸ್ತಿ ಮೇಲೆದ್ದು ಕೆಲಸ ಮುಗಿಸಿತು, ಅದೂ ಮೊದಲ ಸಲಕ್ಕೇ. ಮಿದುಳಿಗೆ ಬೇಕಾದದ್ದು ಆ ಸದ್ದು. ಯಾವ ಅಂಗ ಎಷ್ಟು ದುಡಿಯಬೇಕು ಅನ್ನುವುದು ಆಮೇಲಿನ ಹಂಚಿಕೆ. ಸ, ಶ ಮಾತ್ರ ಇಷ್ಟು ಸುಲಭಕ್ಕೆ ಬರುವುದಿಲ್ಲ, ಅವಕ್ಕೆ ಮೇಲಿನ ಕೆಳಗಿನ ಹಲ್ಲು ಹತ್ತಿರ ಬರಲೇಬೇಕು.

ಇನ್ನು ನಾಲಿಗೆ ತೊಡರುವ ಆಟ. ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ, "ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು" ಅಂತ ಐದು ಸಲ ಬೇಗ ಬೇಗ ಹೇಳಿ. ಆಮೇಲೆ ಕೇಳಿಸಿಕೊಂಡು ತಪ್ಪುಗಳನ್ನು ಬರೆಯಿರಿ. ಕರಿ ಇದ್ದಲ್ಲಿ ಕುರಿ, ಕುರಿ ಇದ್ದಲ್ಲಿ ಮರಿ ಬಂದಿರುತ್ತದೆ. ಅಂದರೆ ಬಾಯಿ ಇನ್ನೂ ಹಿಂದಿನ ಪದದಲ್ಲಿರುವಾಗಲೇ ಮುಂದಿನದು ಬಾಗಿಲಲ್ಲಿ ಬಂದು ನಿಂತಿತ್ತು, ಸರದಿ ತಪ್ಪಿ ಒಳಗೆ ನುಗ್ಗಿತು. ನಾನೊಮ್ಮೆ ಅಂಗಡಿಯಲ್ಲಿ ಕಾಫಿ ಪುಡಿ ಕೇಳಲು ಹೋಗಿ "ಪಾಫಿ ಕುಡಿ" ಅಂದಿದ್ದೆ. ಪದ ಶುರುವಾಗುವ ವ್ಯಂಜನ ಇನ್ನೊಂದು ಪದ ಶುರುವಾಗುವ ವ್ಯಂಜನದ ಜೊತೆಗೇ ಜಾಗ ಬದಲಾಯಿಸಿತು ನೋಡಿ. ತಪ್ಪಿಗೂ ಒಂದು ವ್ಯವಸ್ಥೆ ಇದೆ.

ಕಿವಿಗೆ ಮೋಸ ಮಾಡಿ

ಇಯರ್‌ಫೋನ್ ಹಾಕಿ ಸ್ವಲ್ಪ ಗದ್ದಲದ ಹಾಡು ಹಚ್ಚಿ. ಕಿವಿ ನೋಯುವಷ್ಟು ಬೇಡ. ಈಗ ಮನೆಯವರ ಜೊತೆ ಮಾಮೂಲಾಗಿ ಮಾತಾಡಿ. ನಾನು ಕಾಫಿ ಕೇಳಿದೆ ಅಷ್ಟೇ. "ಯಾಕೋ ಹಂಗೆ ಕಿರುಚ್ತೀಯಾ? ನಾನೇನು ಕಿವುಡೀನಾ?" ಅಂದರು ಅಮ್ಮ. ನನ್ನ ದನಿ ನನಗೇ ಕೇಳದಿದ್ದಾಗ ಮಿದುಳು ದನಿ ಏರಿಸುತ್ತದೆ, ನನ್ನನ್ನು ಕೇಳದೆ. ಫ್ರಾನ್ಸಿನ ಕಿವಿ-ಮೂಗು-ಗಂಟಲು ವೈದ್ಯ ಎಟಿಯೆನ್ ಲೊಂಬಾರ್ ಇದನ್ನು 1911ರಲ್ಲೇ ಬರೆದಿಟ್ಟರು. ಇವತ್ತಿಗೂ ಅವರ ಹೆಸರಿನಲ್ಲೇ ಕರೆಯುತ್ತಾರೆ.

ಫೋನಿನಲ್ಲಿ ಒಮ್ಮೊಮ್ಮೆ ನಿಮ್ಮ ಮಾತೇ ತಡವಾಗಿ ವಾಪಸ್ ಕೇಳಿ ಬರುತ್ತದೆ. ಆಗ ಮಾತು ಎಡವಿದ್ದು ನೆನಪಿದೆಯಾ? ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡ ಇದ್ದರೆ ಅದರ ಕಾಟ ಹೆಚ್ಚು. ಅಂದಾಜಿಗೂ ಕಿವಿಗೆ ಬಿದ್ದದ್ದಕ್ಕೂ ತಾಳೆ ಬೀಳುವುದಿಲ್ಲ, ಮಿದುಳು ಗಲಿಬಿಲಿಯಾಗುತ್ತದೆ. ದನಿ ತಡಮಾಡಿ ಕೇಳಿಸುವ ಆ್ಯಪ್‌ಗಳಿವೆ, ಸಿಕ್ಕರೆ ಹಾಕಿಕೊಂಡು ಪೇಪರಿನ ನಾಲ್ಕು ಸಾಲು ಓದಿ ನೋಡಿ.

1998ರಲ್ಲಿ ಜಾನ್ ಹೌಡ್ ಮತ್ತು ಮೈಕೆಲ್ ಜೋರ್ಡನ್ ಎಂಬ ವಿಜ್ಞಾನಿಗಳು ಇನ್ನೂ ಸೂಕ್ಷ್ಮವಾದ ಮೋಸ ಮಾಡಿದರು. (ಬಾಸ್ಕೆಟ್‌ಬಾಲಿನ ಜೋರ್ಡನ್ ಅಲ್ಲ, ಇವರು ಬೇರೆ.) ಜನ ಪಿಸುಮಾತಿನಲ್ಲಿ ಒಂದು ಸ್ವರ ಹೇಳಿದರೆ, ಕಿವಿಗೆ ಅದು ಸ್ವಲ್ಪ ಸ್ವಲ್ಪವಾಗಿ ಬೇರೆ ಸ್ವರವಾಗಿ ಕೇಳುವ ಹಾಗೆ ಮಾಡಿದರು. ಹೇಳುವವರ ಬಾಯಿ ತಾನಾಗಿಯೇ ಎದುರು ದಿಕ್ಕಿಗೆ ತಿದ್ದಿಕೊಂಡಿತು. ಆಮೇಲೆ ಕಿವಿಗೆ ಬರೀ ಗದ್ದಲ ಕೊಟ್ಟು ಏನೂ ಕೇಳದಂತೆ ಮಾಡಿದರೂ ಆ ತಿದ್ದುಪಡಿ ಕೆಲಹೊತ್ತು ಉಳಿಯಿತು. ಖಾಲಿ ಕ್ಯಾನಿನ ಪಾಠ ಬಾಯಿಗೂ ಆಗುತ್ತದೆ ಅಂತಾಯಿತು. ದೊಡ್ಡವರಾದ ಮೇಲೆ ಕಿವಿ ಕಳೆದುಕೊಂಡವರು ವರ್ಷಗಟ್ಟಲೆ ಅರ್ಥವಾಗುವ ಹಾಗೆ ಮಾತಾಡಬಲ್ಲರು. ಅಷ್ಟು ದಿನ ಕೇಳಿ ಕೇಳಿ ಕಟ್ಟಿಕೊಂಡ ಅಂದಾಜು ಅವರ ಕೈಬಿಡುವುದಿಲ್ಲ.

ಇದನ್ನು ಕಲಿಯುವುದಕ್ಕೆ ಬಳಸುವುದು ಹೇಗೆ

ಸ್ಕೂಟರ್, ಕೀಬೋರ್ಡ್, ವೀಣೆ, ದೋಸೆ ಹುಯ್ಯುವುದು, ಹೊಸ ಭಾಷೆ. ಏನಾದರೂ ಒಂದನ್ನು ಆರಿಸಿಕೊಳ್ಳಿ.

ಮೊದಲು ವೇಗ ಇಳಿಸಿ. ಸಂಗೀತ ಕಲಿತವರಿಗೆ ಇದು ಗೊತ್ತು. ಸರಳೆ ವರಸೆಯನ್ನು ಒಂದನೇ ಕಾಲದಲ್ಲಿ ಗಟ್ಟಿ ಮಾಡಿಕೊಂಡು ಆಮೇಲೆ ಎರಡನೇ ಕಾಲ, ಮೂರನೇ ಕಾಲ. ನಿಧಾನಕ್ಕೆ ಮಾಡಿದರೆ ತಪ್ಪಿನ ಸುದ್ದಿ ಮುಂದಿನ ಸ್ವರಕ್ಕೆ ಮೊದಲೇ ಬಂದು ತಲುಪುತ್ತದೆ. ತರೀಕೆರೆ ಕುರಿಮರಿಯನ್ನೂ ಇದೇ ಮೂರು ಕಾಲದಲ್ಲಿ ಹೇಳಿ ನೋಡಿ.

ತಪ್ಪು ನಿಮಗೆ ಕಾಣುವ ಹಾಗೆ ಇಟ್ಟುಕೊಳ್ಳಿ. ಮಾತಾದರೆ ರೆಕಾರ್ಡ್, ಮೈಯಾದರೆ ವೀಡಿಯೋ. ಆದರೆ ಪಕ್ಕದಲ್ಲಿ ಕೂತು ಪ್ರತಿಯೊಂದು ತಪ್ಪಿಗೂ "ಹಂಗಲ್ಲ, ಹಿಂಗೆ" ಅಂತ ಕೈ ಹಿಡಿದು ತಿದ್ದುವವರನ್ನು ಸ್ವಲ್ಪ ದೂರ ಇಡಿ. ಊಹೆ ತಪ್ಪುವುದಕ್ಕೇ ಬಿಡದಿದ್ದರೆ ತಿದ್ದಿಕೊಳ್ಳುವುದು ಏನನ್ನು? ಇದು ನನ್ನ ಅಭಿಪ್ರಾಯ, ಡ್ರೈವಿಂಗ್ ಕಲಿಸುವವರು ಒಪ್ಪಲಿಕ್ಕಿಲ್ಲ. ರಸ್ತೆಯಲ್ಲಿ ಅವರ ಮಾತನ್ನೇ ಕೇಳಿ.

ಕೈಕಾಲಿನ ಮೇಲೆ ಗಮನ ಬೇಡ, ಆಗಬೇಕಾದ ಕೆಲಸದ ಮೇಲೆ ಇರಲಿ. 1920ರ ದಶಕದಲ್ಲಿ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ, ಉಳಿಯ ಮೇಲೆ ಸುತ್ತಿಗೆ ಹೊಡೆಯುವ ನುರಿತ ಕೆಲಸಗಾರರ ಚಲನೆಯನ್ನು ಫಿಲ್ಮಿನಲ್ಲಿ ಹಿಡಿದು ಅಳೆದರು. ಸುತ್ತಿಗೆ ಹೋಗಿ ಬೀಳುವ ಜಾಗ ಹೆಚ್ಚು ಬದಲಾಗುತ್ತಿರಲಿಲ್ಲ. ಆದರೆ ಹೆಗಲು, ಮೊಣಕೈ, ಮಣಿಕಟ್ಟಿನ ದಾರಿ ಪ್ರತಿ ಏಟಿಗೂ ಬೇರೆ. ಪಳಗಿದ ಕೈ ಒಂದೇ ಚಲನೆಯನ್ನು ಕಂಠಪಾಠ ಮಾಡಿರುವುದಿಲ್ಲ, ಒಂದೇ ಗುರಿಯನ್ನು ಸಾವಿರ ದಾರಿಯಲ್ಲಿ ಮುಟ್ಟಲು ಕಲಿತಿರುತ್ತದೆ. ಬಾಯಲ್ಲಿ ಪೆನ್ಸಿಲ್ ಇದ್ದಾಗ ನಿಮ್ಮ ನಾಲಿಗೆ ಮಾಡಿದ್ದೂ ಅದನ್ನೇ. ಹಾಗಾಗಿ ದೋಸೆ ಕಲಿಯುವಾಗ ಹಿಟ್ಟು ಒಂದು ದಿನ ಗಟ್ಟಿ, ಒಂದು ದಿನ ತೆಳು ಇದ್ದರೆ ಬೇಜಾರು ಬೇಡ. ಕಾವಲಿ ಬದಲಾದರೂ ಒಳ್ಳೆಯದೇ.

ಒಂದೇ ದಿನ ಮೂರು ಗಂಟೆ ಕೂರುವುದಕ್ಕಿಂತ ಆರು ದಿನ ಅರ್ಧರ್ಧ ಗಂಟೆ ಮೇಲು. ನಡುವೆ ನಿದ್ದೆ ಇರಲಿ.

ಒಂದು ಎಚ್ಚರಿಕೆ

ಇವೆಲ್ಲ ಆಟ, ಪರೀಕ್ಷೆ ಅಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದ ಹಾಗೆ ಮಾತು ತೊದಲಿದರೆ, ಮುಖ ಒಂದು ಕಡೆ ಜೋತರೆ, ಒಂದು ಕೈ ಎತ್ತಲು ಆಗದಿದ್ದರೆ, ದಿಢೀರನೆ ನಡಿಗೆ ತೂರಾಡಿದರೆ ಅದು ಪಾರ್ಶ್ವವಾಯು ಇರಬಹುದು. ಮಲಗಿ ಎದ್ದರೆ ಸರಿಹೋಗುತ್ತೆ ಅಂತ ಕಾಯಬೇಡಿ. ಶುರುವಾದ ಹೊತ್ತು ಗುರುತಿಟ್ಟುಕೊಂಡು 108ಕ್ಕೆ ಫೋನ್ ಮಾಡಿ. ರಕ್ತದ ಗರಣೆ ಕರಗಿಸುವ ಇಂಜೆಕ್ಷನ್ ಕೊಡುವುದಾದರೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೇ ಕೊಡಬೇಕು. ಆಮೇಲೆ ಮಾತು ಮರಳಿ ಕಲಿಯಬೇಕಾದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸದಲ್ಲಿದೆ.

ಸೋಮವಾರ ಬೆಳಿಗ್ಗೆ

ಹನ್ನೊಂದನೇ ಹಾಳೆ ಈಗ ತೆಗೆಯಿರಿ. ಅದೇ ಮೇಜು, ಅದೇ ಕನ್ನಡಿ, ಅಡ್ಡಕ್ಕೆ ಅದೇ ಪುಸ್ತಕ. ಒಂದೇ ಸುತ್ತು. ಹೊತ್ತು ಬರೆದು, ಭಾನುವಾರದ ಒಂದನೇ ಹಾಳೆಯ ಪಕ್ಕ ಇಡಿ.

ಅಕ್ಕನ ಮಗಳು ಹಲ್ಲುಜ್ಜುವ ಮೊದಲೇ ಬಂದು ಕೂತಳು. ಪೆನ್ನು ಐದೂ ಮೂಲೆಯನ್ನು ನಿಲ್ಲದೆ ದಾಟಿತು. ನಂದು ಮೂರನೇ ಮೂಲೆಯಲ್ಲಿ ಇವತ್ತಿಗೂ ಒಂದು ಗಳಿಗೆ ತಡವರಿಸುತ್ತದೆ.